ಹಗ್ಗವಿಲ್ಲದ ಬಂಧ

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಮೊದಲನೆಯದು ಬಂಧ. ದನಕರುಗಳನ್ನು ಬಿಗಿದು ಕಟ್ಟಬಾರದೆಂಬಷ್ಟಕ್ಕೇ ಶ್ರಾವಕರು ಇದನ್ನು ಅರ್ಥೈಸುತ್ತ ಬಂದಿದ್ದಾರೆ. ಗೋಶಾಲೆಗಳಿಗೆ ಉದಾರವಾಗಿ ದಾನವನ್ನೂ ನೀಡುತ್ತಾರೆ. ಆದರೆ ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆ ಹಗ್ಗಕ್ಕೆ ನಿಲ್ಲುವುದಿಲ್ಲ. ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವ ಕಾರಣ ಯಾವುದೋ ಅದೇ ಬಂಧವೆಂಬುದು ಅಲ್ಲಿಯ ತಾತ್ಪರ್ಯ.

ಇಟ್ಟಿಗೆ ಭಟ್ಟಿಯಲ್ಲಿ, ಕಲ್ಲಿನ ಕ್ವಾರಿಯಲ್ಲಿ ಆ ಕಾರಣದ ಹೆಸರು ಮುಂಗಡ. ಮಗಳ ಮದುವೆಗೋ ಕಾಯಿಲೆಗೋ ಮೇಸ್ತ್ರಿಯಿಂದ ಹಣ ಪಡೆದವನು ಹೆಂಡತಿ ಮಕ್ಕಳೊಡನೆ ದುಡಿಯಲು ಬರುತ್ತಾನೆ. ಕೂಲಿ ಸಾಲಕ್ಕೆ ಜಮೆಯಾಗುತ್ತದೆ; ಅಕ್ಕಿ ಬೇಳೆಯ ಖರ್ಚು ಮತ್ತೆ ಸಾಲಕ್ಕೆ ಸೇರುತ್ತದೆ. ಖಾತೆ ಮಾಲೀಕನ ಬಳಿ ಮಾತ್ರ. ಸಾಲಗಾರನಿಗೆ ತೋರಿಸದ ಖಾತೆಯನ್ನು ಯಾವ ಮರ್ಯಾದಸ್ಥ ವರ್ತಕನೂ ಲೆಕ್ಕವೆಂದು ಕರೆಯಲಾರ.

ಪಡೆದ ಸಾಲ ತೀರಿಸುವುದು ಧರ್ಮವಲ್ಲವೇ ಎಂದು ವರ್ತಕ ಕುಟುಂಬಗಳಲ್ಲಿ ಕೇಳುವವರಿದ್ದಾರೆ. ಪ್ರಶ್ನೆ ಹುರುಳಿಲ್ಲದ್ದಲ್ಲ. ಆದರೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿದಲ್ಲಿ ತೂಕದಲ್ಲೇ ಮೋಸವಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಮೊಕದ್ದಮೆಯಲ್ಲಿ, 1982ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಅಂಥ ದುಡಿಮೆಯನ್ನು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೆಂದೇ ಪರಿಗಣಿಸಿತು. ಮರುವರ್ಷ ಹರಿಯಾಣದ ಫರೀದಾಬಾದಿನ ಕ್ವಾರಿಗಳ ಮೊಕದ್ದಮೆಯಲ್ಲಿ, ಬಲವಂತದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಇದೆಯೆಂದೇ ಭಾವಿಸಬೇಕೆಂದಿತು.

ಜನರೂ ಪೊಲೀಸರೂ ಹುಡುಕುವುದು ಬೀಗವನ್ನು, ಬಾಸುಂಡೆಯನ್ನು. ಅವು ಕಾಣದಿದ್ದರೆ ಓಡಿಬಂದ ಕೂಲಿಯವನು ಠಾಣೆಯಲ್ಲಿ ಸಾಲ ಮುಳುಗಿಸಿದವನಾಗಿ ಕಾಣುತ್ತಾನೆ. ರಾಜಿ ಮಾಡಿಸಿ ಹಿಂದಕ್ಕೆ ಕಳುಹಿಸುವುದೇ ಉಪಕಾರವೆನಿಸುತ್ತದೆ. 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆ ಹೇಳುವುದು ಬೇರೆ. ಜೀತದ ಸಾಲ ರದ್ದಾಗಿದೆ. ಅದನ್ನು ವಸೂಲು ಮಾಡುವುದೇ ಅಪರಾಧ. ಇದು ಜೀತದ ಸಾಲವಲ್ಲವೆಂದು ರುಜುವಾತುಪಡಿಸಬೇಕಾದವನು ಸಾಲ ಕೊಟ್ಟವನು, ದುಡಿದವನಲ್ಲ. ಜೀತಕ್ಕೆ ದುಡಿಸಿದವನಿಗೆ ಮೂರು ವರ್ಷದವರೆಗೆ ಸೆರೆ, ಎರಡು ಸಾವಿರ ರೂಪಾಯಿಯವರೆಗೆ ದಂಡ. (ದಂಡದ ಮೊತ್ತ ಇಂದಿಗೆ ನಗೆ ತರಿಸುವಂಥದು.) ಸುಳಿವು ಸಿಕ್ಕವರು ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ತಿಳಿಸಬಹುದು.

ಬಸದಿಯ ಜೀರ್ಣೋದ್ಧಾರವಿರಲಿ, ಯಾತ್ರಿನಿವಾಸವಿರಲಿ, ಟ್ರಸ್ಟಿನವರು ಕಲ್ಲಿನ ಮಾದರಿಯನ್ನು ನಾಲ್ಕು ಬಾರಿ ತಟ್ಟಿ ನೋಡುತ್ತಾರೆ. ಕಲ್ಲು ಒಡೆದವರ ಹಾಜರಿ ಪುಸ್ತಕ, ಕೂಲಿಯ ರಸೀತಿ, ಮುಂಗಡದ ಲೆಕ್ಕ, ಇವನ್ನು ಗುತ್ತಿಗೆದಾರನಿಂದ ಕೇಳುವ ಷರತ್ತನ್ನು ಕರಾರು ಪತ್ರದಲ್ಲಿ ಸೇರಿಸಲು ಒಂದು ಸಭೆಯ ಠರಾವು ಸಾಕು.