ಪಾವಗಡದಿಂದ ಅಕ್ಕನಿಗೆ

ಪಾವಗಡ

ಪ್ರೀತಿಯ ಅಕ್ಕಾ,

ಕೊರಟಗೆರೆ, ಮಧುಗಿರಿ, ಶಿರಾ ನೋಡಿಕೊಂಡು ನಿನ್ನೆ ಸಂಜೆ ಇಲ್ಲಿಗೆ ಬಂದೆ. ಫೇಸ್‌ಬುಕ್ಕಿನಲ್ಲಿ ಒಂದು ಫೋಟೊನೂ ಇಲ್ಲವಲ್ಲೋ ಅಂತ ಕೇಳಿದೆಯಲ್ಲ, ಈ ಸಲ ಎಲ್ಲವನ್ನೂ ಮಾಸ್ಟಡಾನ್‌ನಲ್ಲಿ ಹಾಕುತ್ತಿದ್ದೇನೆ.

ಇದು 2016ರಲ್ಲಿ ಯೂಜೆನ್ ರೋಚ್ಕೊ ಎಂಬಾತ ಜರ್ಮನಿಯಲ್ಲಿ ಶುರುಮಾಡಿದ ಜಾಲತಾಣ. ನೋಡಲು ಟ್ವಿಟರಿನಂತೆಯೇ ಇದೆ, ಒಡೆಯ ಮಾತ್ರ ಒಬ್ಬನಲ್ಲ. ಸಾವಿರಾರು ಸರ್ವರುಗಳು, ಒಂದನ್ನು ಸಂಘ ನಡೆಸುತ್ತದೆ, ಇನ್ನೊಂದನ್ನು ಯಾರೋ ಹವ್ಯಾಸಿ. ನಮ್ಮ ಸೀಮೆಯ ಕೆರೆಗಳ ಸಾಲು ನೆನೆಸಿಕೋ: ಊರಿಗೊಂದು ಕೆರೆ, ಕೆರೆಗೊಬ್ಬ ನೀರುಗಂಟಿ, ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹಾಗೆ ನಾನು ಒಂದು ಸರ್ವರಿನಲ್ಲಿ, ನೀನು ಮತ್ತೊಂದರಲ್ಲಿ ಖಾತೆ ತೆರೆದರೂ ನನ್ನ ಮಾತು ನಿನಗೆ ಬರುತ್ತದೆ. ಅದಕ್ಕೆ ಬೇಕಾದ ಆಕ್ಟಿವಿಟಿಪಬ್ ಎಂಬ ಏರ್ಪಾಡನ್ನು 2018ರಲ್ಲಿ ವೆಬ್ಬಿನ ಮಾನದಂಡ ಗೊತ್ತುಮಾಡುವ ಡಬ್ಲ್ಯು3ಸಿ ಸಂಸ್ಥೆ ಮಾನ್ಯ ಮಾಡಿತು.

ಇಲ್ಲಿ ಹೊಸ ಪೋಸ್ಟ್ ಮೇಲೆ, ಹಳೆಯದು ಕೆಳಗೆ, ಅಷ್ಟೇ. ನನಗೆ ಏನು ಇಷ್ಟವಾದೀತೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಇದು ಎಷ್ಟು ನೆಮ್ಮದಿ ಅಂತೀಯ! ಇನ್ನೊಂದು ರೂಢಿ ನನಗೆ ಬಹಳ ಹಿಡಿಸಿತು. ಕಣ್ಣು ಕಾಣದವರಿಗಾಗಿ ಬಹಳ ಜನ ಫೋಟೊಗಳಿಗೆ ವಿವರಣೆ ಬರೆಯುತ್ತಾರೆ. ಮಧುಗಿರಿಯ ಏಕಶಿಲೆಯನ್ನು, ಅದರ ಮೈಗಂಟಿಕೊಂಡು ಏರುವ ಕೋಟೆಗೋಡೆಯನ್ನು ಕನ್ನಡದಲ್ಲಿ ಬರೆಯಲು ಕೂತಾಗ ಅರ್ಧ ಗಂಟೆ ಹೋಯಿತು. ಶಿರಾ ಬಳಿಯ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೂ ಹಾಗೇ ಬರೆದೆ. ಹ್ಯಾಶ್‌ಟ್ಯಾಗ್ ಹಾಕುವುದನ್ನು ಮಾತ್ರ ಮರೆಯಬಾರದು. ಇಲ್ಲದಿದ್ದರೆ ಪರಿಚಯವಿಲ್ಲದವರ ಕಣ್ಣಿಗೆ ಬೀಳುವುದು ಕಷ್ಟ.

ಕನ್ನಡದವರು ಅಲ್ಲಿ ಕಡಿಮೆ, ನಿಜ. ಆದರೂ ಹೋಗಬೇಕು ಅನ್ನುತ್ತೇನೆ. ಆರ್ಕುಟ್ ಜಾಲತಾಣ 2014ರಲ್ಲಿ ಮುಚ್ಚಿತು. ಬೆಂಗಳೂರಿನಲ್ಲಿ ಮೊದಲು ಕನ್ನಡದಲ್ಲೇ ಹುಟ್ಟಿದ 'ಕೂ' ತಾಣವೂ 2024ರ ಜುಲೈನಲ್ಲಿ ಮುಚ್ಚಿತು. ಅಂಗಡಿ ಒಬ್ಬರದಾದರೆ ಬೀಗವೂ ಅವರದೇ. ಮಾಸ್ಟಡಾನ್ ಸರ್ವರೂ ಮುಚ್ಚಬಹುದು, ಅದನ್ನೂ ಹೇಳಿಬಿಡಬೇಕು. ಮೊದಲೇ ಬೇರೆ ಸರ್ವರಿಗೆ ಖಾತೆ ಬದಲಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟುಗಳು ಬರುವುದಿಲ್ಲ.

ಕೊರಟಗೆರೆಗೆ ಬರುವಾಗ ದೇವರಾಯನದುರ್ಗದ ಕಡೆಯಿಂದ ಬಂದೆ. ಆ ಬೆಟ್ಟದ ಮಗ್ಗುಲಿನ ದುರ್ಗದಹಳ್ಳಿಯಲ್ಲಿ ಜನಸ್ತು ಸಂಸ್ಥೆಯವರು ಸಮುದಾಯದ್ದೇ ಆದ ವೈಫೈ ಜಾಲ ಕಟ್ಟಿ, ಊರಿನವರ ದನಿಯನ್ನು ಊರಲ್ಲೇ ಹಂಚುವ ಕೆಲಸ ಮಾಡಿದ್ದಾರೆ. ಇಂಥ ಜಾಲಕ್ಕೆ ಒಂದು ಕನ್ನಡ ಸರ್ವರ್ ಸೇರಿದರೆ, ಕೊರಟಗೆರೆಯ ಕಾಲೇಜೊಂದು ಅದನ್ನು ನೋಡಿಕೊಂಡರೆ ಅಂತ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಪಾವಗಡದ ಸುತ್ತ ಬಹುತೇಕ ಆಂಧ್ರ, ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ತೆಲುಗು ಕನ್ನಡ ಬೆರೆತೇ ಇರುತ್ತವೆ. ಮಾಸ್ಟಡಾನ್‌ನಲ್ಲಿ ಪ್ರತಿ ಪೋಸ್ಟಿನ ಭಾಷೆಯನ್ನೂ ಗುರುತು ಮಾಡಬಹುದು; ನಾನು ಎರಡನ್ನೂ ಬಳಸುತ್ತಿದ್ದೇನೆ.

ಭಾವನವರಿಗೆ ಚರ್ಚೆ ಇಷ್ಟ ಅಲ್ಲವೇ, ಅವರಿಗೆ ಇದೇ ಆಕ್ಟಿವಿಟಿಪಬ್ ಬಳಸುವ, ರೆಡ್ಡಿಟ್ ಬಗೆಯ ಚರ್ಚಾತಾಣ ಲೆಮ್ಮಿ ತೋರಿಸು. ನೀನು ಖಾತೆ ತೆರೆಯುವ ಮೊದಲು ಆ ಸರ್ವರನ್ನು ಯಾರು ನಡೆಸುತ್ತಾರೆ, ಖರ್ಚು ಯಾರದು, ನಿಯಮವೇನು ಓದು. ಭಾನುವಾರ ಫೋನ್ ಮಾಡುತ್ತೇನೆ, ಕೂತು ತೆರೆಯೋಣ. ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ