ನೀರು ಕುಡಿದ ಸರಕು

ನಾನು ಹುಟ್ಟಿ ಬೆಳೆದದ್ದು ಕೃಷ್ಣೆಯ ದಂಡೆಯ ಮೇಲಿನ ಕೊಲ್ಹಾರದಲ್ಲಿ. ಆ ಹಳೆಯ ಊರು ಇಂದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಪಾಲಾಗಿದೆ. ಆದರೆ ನನ್ನ ಬಾಲ್ಯದ ಹೊಳೆ ಮತ್ತು ಅದರ ಮೇಲಿನ ದೋಣಿ ಕಣ್ಣಿಗೆ ಕಟ್ಟಿದಂತಿವೆ.

ಒಂದು ಶ್ರಾವಣದಲ್ಲಿ ನಮ್ಮ ತಂದೆಯವರು ಹನ್ನೆರಡು ಚೀಲ ಹೆಸರುಕಾಳನ್ನು ಆಚೆ ದಂಡೆಯ ಸಂತೆಗೆ ಸಾಗಿಸಲು ಹೊಳೆಯ ದಡಕ್ಕೆ ತಂದರು. ಹಿಂದಿನ ರಾತ್ರಿ ಮಳೆ ಸುರಿದು ಚೀಲಗಳು ನೆನೆದಿದ್ದವು. ಅಂಬಿಗನು ಒಂದು ಚೀಲದ ಬಾಯಿ ಬಿಚ್ಚಿಸಿ, ಮೊಳಕೈವರೆಗೆ ಕೈಯಿಳಿಸಿ ನೋಡಿ ತಲೆಯಾಡಿಸಿದನು.

“ಕಾಳು ನೀರು ಕುಡದೈತ್ರಿ, ಗೌಡ್ರ. ನೀವು ಹನ್ನೆರಡು ಚೀಲ ಎಣಿಸೀರಿ, ಹೊಳಿ ಹದಿನೈದು ಎಣಸ್ತೈತಿ. ಇವತ್ತು ಒಲ್ಲೆ” ಎಂದನು.

ಸಂತೆ ತಪ್ಪಿದರೆ ಧಾರಣೆ ಇಳಿಯುವುದೆಂದು ತಂದೆಯವರು ಬೇಡಿಕೊಂಡರು, ಕೊನೆಗೆ ಗದರಿದರು. ಅವನು ಹುಟ್ಟನ್ನು ದೋಣಿಯೊಳಗಿಟ್ಟು ದಡದ ಮೇಲೆ ಕುಳಿತುಬಿಟ್ಟನು. ಕಾಳನ್ನು ಹರವಿ ಒಣಗಿಸಿ ನಾವು ಹೊಳೆ ದಾಟುವಷ್ಟರಲ್ಲಿ ಧಾರಣೆ ಇಳಿದೇ ಇತ್ತು. ಅಂಬಿಗನು ಹಟಮಾರಿ ಎಂದು ನಾನೂ ಬಹುದಿನ ನಂಬಿದ್ದೆನು.

ಮುಂದೆ ನಾನು ಉಪಾಧ್ಯಾಯನಾದ ಮೇಲೆ ಶಾಲೆಯ ಮಕ್ಕಳೊಡನೆ ಪ್ರವಾಸ ಹೋದಾಗ, ಮಂಗಳೂರಿನ ಪಣಂಬೂರಿನಲ್ಲಿ ಮೊದಲ ಬಾರಿಗೆ ಸರಕಿನ ಹಡಗುಗಳನ್ನು ಕಂಡೆನು. ಅಲ್ಲಿಯ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾಯಿತು. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಘಟ್ಟವಿಳಿದು ಬಂದು ಪರದೇಶಗಳಿಗೆ ಹೋದದ್ದು ಇಂತಹ ಬಂದರುಗಳಿಂದಲೇ.

ಇಂತಹ ಹಡಗಿನ ಬದುಕು ಬಿಡುವಿಲ್ಲದ ದುಡಿಮೆಯದು. ಸರಕಿಲ್ಲದಾಗ ಅದು ಸಮತೋಲಕ್ಕಾಗಿ ತನ್ನ ತೊಟ್ಟಿಗಳಲ್ಲಿ ಕಡಲ ನೀರನ್ನೇ ತುಂಬಿಕೊಂಡು ಬರುತ್ತದೆ. ಸರಕು ಏರುತ್ತಿದ್ದಂತೆ ಆ ನೀರನ್ನು ಹೊರಚೆಲ್ಲುತ್ತದೆ. ಅದಿರನ್ನು ಚೀಲದಲ್ಲಿ ಕಟ್ಟುವುದಿಲ್ಲ, ಹಡಗಿನ ಒಡಲಿನ ಕೋಣೆಗಳಿಗೆ ರಾಶಿರಾಶಿಯಾಗಿ ಸುರಿಯುತ್ತಾರೆ. ನಾವಿಕರು ಪಾಳಿಯ ಮೇಲೆ ಹಗಲಿರುಳೂ ಕಾವಲಿರುತ್ತಾರೆ. ಹಡಗಿನ ಹೊರಮೈಯಲ್ಲಿ ಭಾರದ ಮಿತಿಯನ್ನು ತೋರಿಸುವ ಗೆರೆಯೊಂದಿರುತ್ತದೆ. ಮಿತಿಮೀರಿ ಹೇರಿದ ಹಡಗುಗಳು ಮುಳುಗಿ ನಾವಿಕರು ಸಾಯುವುದನ್ನು ಕಂಡು ಮರುಗಿದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಇಂಗ್ಲೆಂಡಿನ ಸಂಸತ್ ಸದಸ್ಯನು ಹೋರಾಡಿದ ಫಲವಾಗಿ, 1876ರಲ್ಲಿ ಅಲ್ಲಿ ಅದು ಕಡ್ಡಾಯವಾಯಿತು. ಆದರೆ ಆ ಗೆರೆ ತಿಳಿಸುವುದು ಭಾರವನ್ನು ಮಾತ್ರ. ಸರಕಿನೊಳಗಿನ ಹಸಿಯನ್ನು ಅದು ತಿಳಿಸಲಾರದು.

ಆ ಹಸಿಯ ಬಲವೆಷ್ಟೆಂಬುದು 2009ರ ಜುಲೈ ತಿಂಗಳಲ್ಲಿ ತಿಳಿಯಿತು. ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿಯನ್ನು ತುಂಬಿಕೊಂಡು ಮಂಗಳೂರಿನಿಂದ ಚೀನಾದ ಕಡೆಗೆ ಹೊರಟಿತು. ಹತ್ತು ಟನ್ ಹೊರುವ ಲಾರಿಗಳಿಗೆ ಹೇರಿದರೆ 1,360 ಲಾರಿಗಳ ಸರಕು ಅದು! ಮಳೆಗಾಲದ ಕಡಲು ಅಬ್ಬರಿಸುತ್ತಿತ್ತು. ದಡದಿಂದ ಬಹುದೂರ ಹೋಗುವ ಮೊದಲೇ ಹಡಗು ಒಂದು ಪಕ್ಕಕ್ಕೆ ವಾಲಿತು. ವಾಲಿದ್ದು ಮತ್ತೆ ನೆಟ್ಟಗಾಗಲಿಲ್ಲ. ಕೊನೆಗೆ ಸರಕಿನೊಡನೆ ಮುಳುಗಿಹೋಯಿತು. ಅದರಲ್ಲಿದ್ದ 18 ನಾವಿಕರೂ ಬದುಕಿ ಉಳಿದದ್ದು ಪುಣ್ಯ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ಅದಿರು ತುಂಬಿದ ‘ಬ್ಲ್ಯಾಕ್ ರೋಸ್’ ಮುಳುಗಿದಾಗ ಒಬ್ಬ ನಾವಿಕನ ಪ್ರಾಣ ಹೋಯಿತು.

ಬಂಡೆಗೆ ತಾಗದ ಹಡಗು ಮುಳುಗುವುದೆಂತು? ಹೊಳೆಯ ಅಂಚಿನ ಹಸಿ ಮರಳಿನ ಮೇಲೆ ನೀವು ನಿಂತಿರಬಹುದು. ಮೊದಲು ಅದು ಗಟ್ಟಿ ನೆಲದಂತೆ ಕಾಣುತ್ತದೆ. ಒಂದೇ ಕಡೆ ನಿಂತು ಕಾಲಿನಿಂದ ತುಳಿಯುತ್ತ ಹೋದರೆ ನೀರು ಮೇಲೆ ಜಿನುಗಿ, ಮರಳು ಕೆಸರಾಗಿ ಪಾದ ಹೂತುಹೋಗುತ್ತದೆ. ನೆನೆದ ಅದಿರಿನ ಪುಡಿಯ ಗುಣವೂ ಹೀಗೆಯೇ. ಅದರ ಕಣಗಳ ನಡುವೆ ನೀರು ಅಡಗಿರುತ್ತದೆ. ಯಂತ್ರದ ನಡುಕಕ್ಕೂ ಅಲೆಗಳ ಹೊಡೆತಕ್ಕೂ ಕಣಗಳು ಒತ್ತಾಗುತ್ತವೆ. ನೀರಿಗೆ ಎಡೆ ಸಾಲದೆ ಅದು ಕಣಗಳನ್ನೇ ತಳ್ಳತೊಡಗುತ್ತದೆ. ಆಗ ರಾಶಿಯಾಗಿದ್ದುದು ರಾಡಿಯಾಗುತ್ತದೆ. ಹಡಗು ಹೊರಳಿದತ್ತ ಅದೂ ಹರಿಯುತ್ತದೆ, ಆದರೆ ಹಡಗು ಮರಳಿದಾಗ ಅದು ಪೂರ್ತಿ ಮರಳುವುದಿಲ್ಲ. ಹೀಗೆ ಹೊತ್ತ ಹೊರೆಯೇ ಹೊತ್ತವನನ್ನು ಕೆಡವುತ್ತದೆ.

ನಾವಿಕರಿಗೆ ಇದನ್ನು ಅರಿಯಲು ಒಂದು ಸರಳ ಪರೀಕ್ಷೆಯಿದೆ. ಒಂದು ಡಬ್ಬಿಯಲ್ಲಿ ಅರ್ಧದಷ್ಟು ಅದಿರು ತುಂಬಿ, ಗೇಣೆತ್ತರದಿಂದ ಗಟ್ಟಿಯಾದ ಮೇಜಿನ ಮೇಲೆ 25 ಸಲ ಕುಟ್ಟಬೇಕು. ಮೇಲೆ ನೀರು ಒಸರಿದರೆ, ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸದೆ ಆ ಸರಕನ್ನು ಹೇರಬಾರದು. ನೀರು ಒಸರಲಿಲ್ಲವೆಂಬಷ್ಟಕ್ಕೇ ಸರಕು ನಿರಪಾಯವೆಂದೂ ತಿಳಿಯಬಾರದು. 2011ರಿಂದ ಕಡ್ಡಾಯವಾದ ಅಂತರರಾಷ್ಟ್ರೀಯ ನಿಯಮದಂತೆ ಸರಕು ಕಳುಹಿಸುವವರು ಅದರ ತೇವಾಂಶವನ್ನು ಪರೀಕ್ಷಿಸಿ ಲಿಖಿತವಾಗಿ ತಿಳಿಸಬೇಕು. ಅಪಾಯವೆಂದು ಕಂಡರೆ ಕಪ್ತಾನನು ‘ಒಲ್ಲೆ’ ಎನ್ನಬಹುದು. ಹಡಗಿನ ಒಡೆಯನೂ ಅವನನ್ನು ತಡೆಯುವಂತಿಲ್ಲ.

ಆದರೂ ಬಂದರಿನಲ್ಲಿ ನಿಂತ ಹಡಗಿಗೆ ದಿನವೊಂದಕ್ಕೆ ಅಪಾರ ಹಣ ವೆಚ್ಚವಾಗುತ್ತದೆ. ಎಲ್ಲರೂ ಅವಸರಪಡಿಸುತ್ತಿರುವಾಗ ಒಬ್ಬನೇ ನಿಂತು ‘ಇವತ್ತು ಬೇಡ’ ಎನ್ನುವುದು ಸುಲಭದ ಮಾತಲ್ಲ. ಕಾನೂನು ಹಕ್ಕನ್ನು ಕೊಡಬಲ್ಲದು. ಎದೆಗಾರಿಕೆಯನ್ನು ಮಾತ್ರ ಮನುಷ್ಯನೇ ತರಬೇಕು.

ನಮ್ಮ ಹೊಳೆಯ ಅಂಬಿಗನಿಗೆ ಇಂತಹ ಹಕ್ಕನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಚೀಲದೊಳಗೆ ಇಳಿಸಿದ ಕೈಯೇ ಅವನ ಪ್ರಯೋಗಾಲಯ. ಆ ವರ್ಷದ ನಷ್ಟವನ್ನು ತಂದೆಯವರು ಅನೇಕ ಸಲ ಹೇಳಿಕೊಂಡು ಪೇಚಾಡಿದ್ದುಂಟು. ಆದರೆ ಪ್ರತಿ ಸುಗ್ಗಿಯಲ್ಲಿಯೂ ಅಂಬಿಗನಿಗೆ ಸಲ್ಲಬೇಕಾದ ಕಾಳನ್ನು ಅಳೆದು ಮುಗಿಸಿದ ಮೇಲೆ, ಏನೂ ಹೇಳದೆ, ಇನ್ನೂ ಒಂದು ಸೇರನ್ನು ಅವನ ಉಡಿಗೆ ಸುರಿಯುತ್ತಿದ್ದರು.