ಬೆಟ್ಟದ ಮೈಲಿಗೂ ಬಯಲಿನ ಮೈಲಿಗೂ ಒಂದೇ ದರ

ಕ್ಯಾಲಿಫೋರ್ನಿಯಾ ಎಂದರೆ ಬಾದಾಮಿ, ದ್ರಾಕ್ಷಿ ಎಂದುಕೊಂಡು ಹೋದವನಿಗೆ ಸ್ಯಾಕ್ರಮೆಂಟೊ ಕಣಿವೆಯ ಭತ್ತದ ಗದ್ದೆಗಳನ್ನು ಕಂಡು ಬಹಳ ಸಂತೋಷವಾಗಿತ್ತು. ನಾನು ಹತ್ತಿದ ಲಾರಿಗೆ ತುಂಬಿದ್ದೂ ಅಲ್ಲಿನ ಅಕ್ಕಿಯೇ. ಇಂಟರ್‌ಸ್ಟೇಟ್ 80 ಹೆದ್ದಾರಿ ಹಿಡಿದು ಸಿಯೆರಾ ನೆವಾಡಾ ಬೆಟ್ಟಸಾಲು ಏರಿ ಇಳಿದು, ನೆವಾಡಾ ರಾಜ್ಯವನ್ನು ಅಡ್ಡಕ್ಕೆ ದಾಟಿ, ಯೂಟಾದ ಸಾಲ್ಟ್ ಲೇಕ್ ಸಿಟಿ ಸೇರಬೇಕು. ಸುಮಾರು 650 ಮೈಲಿ, ನಮ್ಮ ಲೆಕ್ಕದಲ್ಲಿ ಸಾವಿರ ಕಿಲೋಮೀಟರಿಗೂ ಮೇಲೆ.

ಡ್ರೈವರು ನನ್ನ ಮಗಳ ಬೀದಿಯವರು, ಜಲಂಧರ್ ಕಡೆಯ ಪಂಜಾಬಿ. ಕ್ಯಾಲಿಫೋರ್ನಿಯಾದ ಲಾರಿ ಕೆಲಸದಲ್ಲಿ ಪಂಜಾಬಿಗಳು ಬಹಳ ಮಂದಿ ಇದ್ದಾರೆ. ಹೆದ್ದಾರಿಗಳಲ್ಲಿ ಅವರ ಢಾಬಾಗಳೂ ಎದ್ದಿವೆ. ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಲಾರಿ ಸಾಲದ ಕಡತ ನೋಡುತ್ತಿದ್ದವನು ನಾನು. ಇಲ್ಲಿಯ ಲಾರಿ ಬದುಕು ನೋಡಬೇಕೆಂದು ಕೇಳಿಕೊಂಡೆ. ಹೊರಗಿನವರನ್ನು ಕೂರಿಸಿಕೊಳ್ಳಲು ಕಂಪನಿಯ ಲಿಖಿತ ಅನುಮತಿ ಬೇಕೆಂಬ ನಿಯಮವಿದೆ. ಮಾಲೀಕರು ಒಪ್ಪಿ ಕಾಗದ ಕೊಟ್ಟರು.

ಬೆಳಿಗ್ಗೆ ಆರಕ್ಕೆ ಗೋಡೌನ್ ಮುಟ್ಟಿದೆವು. ಲೋಡು ಮುಗಿದಾಗ ಒಂಬತ್ತೂವರೆ. ಅಷ್ಟು ಹೊತ್ತೂ ಡ್ರೈವರು ಮತ್ತೆ ಮತ್ತೆ ನೋಡುತ್ತಿದ್ದುದು ಸ್ಟೀರಿಂಗ್ ಪಕ್ಕದ ಸಣ್ಣ ಪರದೆಯನ್ನು. 2017ರ ಡಿಸೆಂಬರಿನಿಂದ ಇಂಥ ಯಂತ್ರ ಕಡ್ಡಾಯ. ಎಂಜಿನ್ ಯಾವಾಗ ಶುರುವಾಯಿತು, ಗಾಡಿ ಎಷ್ಟು ಹೊತ್ತು ಓಡಿತು ಎಲ್ಲವೂ ಅದರಲ್ಲಿ ದಾಖಲು. ಕಾನೂನಿನ ಪ್ರಕಾರ ಒಂದು ಪಾಳಿಯಲ್ಲಿ 11 ಗಂಟೆ ಮಾತ್ರ ಓಡಿಸಬಹುದು. ಅದನ್ನೂ ಕೆಲಸ ಶುರುವಾದ 14 ಗಂಟೆಯೊಳಗೆ ಮುಗಿಸಬೇಕು. ಆಮೇಲೆ 10 ಗಂಟೆ ವಿಶ್ರಾಂತಿ.

"ನೋಡಿ ಅಂಕಲ್‌ಜಿ, ಆ ಹದಿನಾಲ್ಕರಲ್ಲಿ ಮೂರೂವರೆ ಆಗಲೇ ಹೋಯಿತು" ಎಂದು ಹಿಂದಿಯಲ್ಲಿ ಹೇಳಿದರು. "ನನಗೆ ಮೈಲಿಗೆ 60 ಸೆಂಟ್. ಗಾಡಿ ಓಡಿದರೆ ದುಡ್ಡು."

ಅಂದರೆ ಕಾನೂನಿನ ಗಡಿಯಾರ ನಿಂತಾಗಲೂ ಓಡುತ್ತದೆ, ಸಂಬಳದ ಮೀಟರು ಮಾತ್ರ ಓಡುವುದಿಲ್ಲ. ಈ ಪ್ರಯಾಣದಲ್ಲಿ ನನಗೆ ಅರ್ಥವಾದ ಮೊದಲ ಸಂಗತಿ ಇದು. ಕ್ಯಾಲಿಫೋರ್ನಿಯಾದಲ್ಲಿ 2016ರಿಂದ ಒಂದು ಕಾಯಿದೆ ಇದೆ: ಕೆಲಸದ ಅಳತೆಯ ಮೇಲೆ ಕೂಲಿ ಪಡೆಯುವವರಿಗೆ ವಿರಾಮಕ್ಕೂ ಕಾಯುವಿಕೆಯಂಥ ಸಮಯಕ್ಕೂ ಬೇರೆಯಾಗಿ ಹಣ ಕೊಡಬೇಕು. ಆದರೆ ಅದು ಆ ರಾಜ್ಯದ ಕಾಯಿದೆ, ದೇಶದ್ದಲ್ಲ.

ಸ್ಯಾಕ್ರಮೆಂಟೊ ದಾಟಿ ಸ್ವಲ್ಪ ಹೊತ್ತಿಗೆ ಏರು ಶುರು. ಸಮುದ್ರಮಟ್ಟಕ್ಕೆ ಅಂಟಿಕೊಂಡಂತಿರುವ ಊರಿನಿಂದ 7,239 ಅಡಿ ಎತ್ತರದ ಡೋನರ್ ಸಮ್ಮಿಟ್‌ಗೆ ಹತ್ತಬೇಕು. ಲಾರಿ ಮತ್ತು ಸರಕು ಸೇರಿ 80,000 ಪೌಂಡ್, ಎಂದರೆ ಸುಮಾರು 36 ಟನ್ ತನಕ ತೂಕಕ್ಕೆ ಅವಕಾಶವಿದೆ; ನಮ್ಮದು ಅದರ ಹತ್ತಿರವೇ ಇತ್ತು. ಶಿರಾಡಿ ಘಾಟಿಯಲ್ಲಿ ಸರಕಿನ ಲಾರಿಗಳು ಉಸಿರು ಬಿಡುತ್ತಾ ಹತ್ತುವ ಹಾಗೆ ಬಲತುದಿಯ ಲೇನಿನಲ್ಲಿ ಅಪಾಯದ ದೀಪ ಮಿನುಗಿಸುತ್ತಾ ಹತ್ತಿದೆವು. ವೇಗ ಗಂಟೆಗೆ 30 ಮೈಲಿ. ಒಂದು ಗಂಟೆಯ ಗಳಿಕೆ 18 ಡಾಲರ್. ಚಳಿಗಾಲದಲ್ಲಿ ಇದೇ ಜಾಗದಲ್ಲಿ ಹಿಮದೊಳಗೆ ಇಳಿದು ಚಕ್ರಗಳಿಗೆ ಸರಪಳಿ ಕಟ್ಟಬೇಕು, ಕೆಲವೊಮ್ಮೆ ರಸ್ತೆಯೇ ಬಂದ್ ಆಗುತ್ತದೆ. 1846ರಲ್ಲಿ ಎತ್ತಿನ ಗಾಡಿಗಳಲ್ಲಿ ಹೊರಟ ವಲಸಿಗರ ತಂಡವೊಂದು ಇಲ್ಲೇ ಹಿಮಕ್ಕೆ ಸಿಕ್ಕಿ, ಹಲವರು ಹಸಿವಿನಿಂದ ಸತ್ತರು. ಸಮ್ಮಿಟ್‌ನ ಹೆಸರಲ್ಲಿರುವ ಡೋನರ್ ಆ ತಂಡದಲ್ಲಿದ್ದ ಒಂದು ಮನೆತನ.

ಈ ಬೆಟ್ಟಕ್ಕೆ ಇನ್ನೊಂದು ಚರಿತ್ರೆಯಿದೆ. ಲಾರಿಯ ಕಿಟಕಿಯಿಂದ ಆಗಾಗ ರೈಲು ಹಳಿ ಕಾಣುತ್ತದೆ. ಅಮೆರಿಕದ ಎರಡು ತೀರಗಳನ್ನು ಬೆಸೆದು 1869ರಲ್ಲಿ ಮುಗಿದ ದಾರಿ ಅದು. ಈ ಬೆಟ್ಟದ ಬಂಡೆ ಒಡೆದು ಸುರಂಗ ಕೊರೆದವರಲ್ಲಿ ಹೆಚ್ಚಿನವರು ಚೀನೀ ಕಾರ್ಮಿಕರು. ಆ ರೈಲು ಕಂಪನಿಗಳಿಗೂ ಸರ್ಕಾರ ನೆರವಾದದ್ದು ಮೈಲಿ ಲೆಕ್ಕದಲ್ಲೇ. 1862ರ ಕಾಯಿದೆಯಂತೆ ಬಾಂಡ್ ರೂಪದ ಸಾಲ ಬಯಲಿನಲ್ಲಿ ಮೈಲಿಗೆ 16,000 ಡಾಲರ್, ಎರಡು ಬೆಟ್ಟಸಾಲುಗಳ ನಡುವಿನ ನೆಲದಲ್ಲಿ 32,000, ಬೆಟ್ಟದಲ್ಲಿ 48,000. ಬೆಟ್ಟದ ಮೈಲಿಗೆ ಬಯಲಿನ ಮೂರು ಪಟ್ಟು! ಆ ದರಕ್ಕಾಗಿ ಬೆಟ್ಟ ಆರಂಭವಾಗುವ ಜಾಗವನ್ನೇ ಪಶ್ಚಿಮಕ್ಕೆ, ಸ್ಯಾಕ್ರಮೆಂಟೊ ಪಕ್ಕದ ಚಪ್ಪಟೆ ನೆಲಕ್ಕೆ ಎಳೆದುಕೊಂಡರು. ಬಂಡವಾಳ ಹಾಕಿದವರಿಗೆ ಬೆಟ್ಟದ ಕಷ್ಟ ಅಂದೇ ಲೆಕ್ಕಕ್ಕೆ ಬಂದಿತ್ತು. ಅದೇ ಬೆಟ್ಟದಲ್ಲಿ ನನ್ನ ಪಕ್ಕ ಕೂತು ಗೇರ್ ಬದಲಿಸುತ್ತಿದ್ದವರಿಗೆ ಮಾತ್ರ ಬೆಟ್ಟಕ್ಕೂ ಬಯಲಿಗೂ 60 ಸೆಂಟೇ.

ರೀನೋ ದಾಟಿದ ಮೇಲೆ ನೆವಾಡಾದ ಬೆಂಗಾಡು. ಬೂದುಬಣ್ಣದ ಕುರುಚಲು, ದೂರದಲ್ಲಿ ಬೋಳುಗುಡ್ಡ, ಪಕ್ಕದಲ್ಲಿ ಸೊರಗಿದ ಹಂಬೋಲ್ಟ್ ನದಿ. ಈ ನದಿ ಸಮುದ್ರ ಸೇರುವುದಿಲ್ಲ, ಮರುಭೂಮಿಯಲ್ಲೇ ಇಂಗುತ್ತದೆ. ಡ್ರೈವರು ಈಗ ಹಗುರಾದರು, ಮನೆಗೆ ಫೋನ್ ಮಾಡಿ ಮಗನ ಪರೀಕ್ಷೆ ವಿಚಾರಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಲಾರಿಗಳಿಗೆ 55 ಮೈಲಿಯ ವೇಗಮಿತಿ. ಇಲ್ಲಿ ಆ ಕಟ್ಟು ಇಲ್ಲ. ದುಡಿಮೆ ಹುಟ್ಟುವುದು ಇಂಥ ಕಡೆ. ನಿದ್ದೆ ತೂಗಿದರೂ, ಕಾಲು ಹಿಡಿದುಕೊಂಡರೂ ನಿಲ್ಲಿಸದಿರುವ ಆಸೆ ಹುಟ್ಟುವುದೂ ಇಂಥ ಕಡೆಯೇ. ಓಡಿಸಿ 8 ಗಂಟೆಯಾದರೆ ಅರ್ಧ ಗಂಟೆ ನಿಲ್ಲಿಸಲೇಬೇಕೆಂಬ ನಿಯಮ ಇರುವುದರಿಂದ ಊಟವಾದರೂ ಆಗುತ್ತದೆ.

ರಾತ್ರಿ ಎಲ್ಕೊ ಊರಿನಲ್ಲಿ ತಂಗಿದೆವು. ಇನ್ನೂ ಒಂದು ಗಂಟೆ ಓಡಿಸಬಹುದಿತ್ತು. ಆದರೆ ಕತ್ತಲಾದ ಮೇಲೆ ಟ್ರಕ್ ನಿಲ್ದಾಣಗಳಲ್ಲಿ ಜಾಗ ಸಿಗುವುದಿಲ್ಲ. ಜಾಗಕ್ಕಾಗಿ ಬಿಟ್ಟುಕೊಟ್ಟ ಆ ಗಂಟೆಗೂ ಸಂಬಳವಿಲ್ಲ.

ಮರುದಿನ ಬಾನೆವಿಲ್‌ನ ಉಪ್ಪಿನ ಬಯಲು ದಾಟಿ, ಬೆಳ್ಳಗೆ ಕಣ್ಣು ಕುಕ್ಕುವ ಆ ನೆಲವನ್ನು ನೋಡುತ್ತಾ ಸಾಲ್ಟ್ ಲೇಕ್ ಸಿಟಿ ಮುಟ್ಟಿದೆವು. ಗೋಡೌನಿನವರು ಮಧ್ಯಾಹ್ನಕ್ಕೆ ಸಮಯ ಕೊಟ್ಟಿದ್ದರು. ಬೇಗ ಬಂದವರಿಗೆ ಒಳಗೆ ಜಾಗವಿಲ್ಲವೆಂದು ಗೇಟಿನವರು ವಾಪಸ್ ಕಳಿಸಿದರು. ಬೇರೆಲ್ಲೋ ನಿಲ್ಲಿಸಿ ಮತ್ತೆ ಬಂದದ್ದಾಯಿತು. ಅನ್‌ಲೋಡ್ ಮುಗಿದಾಗ ಸಂಜೆ ಐದು. ಕಾಯುವಿಕೆಯ ಶುಲ್ಕ ಎಂಬುದೊಂದಿದೆ, ಆದರೆ ಮೊದಲ ಎರಡು ಗಂಟೆ ಸಾಮಾನ್ಯವಾಗಿ ಪುಕ್ಕಟೆ. ಅದಾದ ಮೇಲಿನದನ್ನು ಕಂಪನಿ ವಸೂಲಿ ಮಾಡಿದರೆ ಡ್ರೈವರಿಗೆ ಒಂದು ಪಾಲು, ಇಲ್ಲದಿದ್ದರೆ ಅದೂ ಇಲ್ಲ.

ಓಡೋಮೀಟರ್ 671 ಮೈಲಿ ತೋರಿಸುತ್ತಿತ್ತು. ಸಂಬಳ ಬರುವುದು 650ಕ್ಕೆ. ಕಂಪನಿ ಲೆಕ್ಕ ಹಾಕುವುದು ಓಡೋಮೀಟರ್ ನೋಡಿ ಅಲ್ಲ, ಒಂದು ಪಿನ್‌ಕೋಡಿನಿಂದ ಇನ್ನೊಂದು ಪಿನ್‌ಕೋಡಿಗೆ ಸಾಫ್ಟ್‌ವೇರ್ ಹೇಳುವ ದೂರದ ಮೇಲೆ. ಡೀಸೆಲ್ಲಿಗೆ ಹೊರಳಿದ್ದು, ಗೇಟಿನಿಂದ ವಾಪಸಾದದ್ದು ಅದರಲ್ಲಿಲ್ಲ. ಇನ್ನೂ ಕೆಲವು ಕಂಪನಿಗಳು ಮನೆ ಸಾಮಾನು ಸಾಗಿಸಲೆಂದು ಹಿಂದೆ ಮಾಡಿದ್ದ ಹಳೆಯ ದೂರಪಟ್ಟಿಯನ್ನೇ ಹಿಡಿಯುತ್ತವೆ. ಅದರಲ್ಲಿ ಅಂಕಿ ಇನ್ನೂ ಕಡಿಮೆ. ಖಾಲಿ ಓಡಿದ ಮೈಲಿಗೆ ಕೆಲವರು ಪೂರ್ತಿ ಕೊಡುತ್ತಾರೆ, ಕೆಲವರು ಕಡಿಮೆ ಕೊಡುತ್ತಾರೆ, ಕೆಲವರು ಕೊಡುವುದೇ ಇಲ್ಲ. ಕೆಲಸಕ್ಕೆ ಸೇರುವಾಗ ಮೈಲಿಗೆಷ್ಟು ಎಂದು ಕೇಳಿದರೆ ಸಾಲದು, ಯಾವ ಮೈಲಿ ಎಂದೂ ಕೇಳಬೇಕು.

ನಮ್ಮ ಲಾರಿ ಡ್ರೈವರುಗಳ ಬದುಕು ಇದಕ್ಕಿಂತ ಸುಖದ್ದೇನಲ್ಲ, ಅದು ನನಗೆ ಗೊತ್ತು. ಆದರೂ ಬಹಳ ಕಡೆ ತಿಂಗಳಿಗೆ ಇಷ್ಟೆಂದು ಸಂಬಳ, ಅದರ ಮೇಲೆ ಬಾಟಾ ಇರುತ್ತದೆ. ನಿಂತ ಹೊತ್ತಿಗೆ ಹಾಲ್ಟಿಂಗ್ ಎಂಬ ಮಾತಾದರೂ ಚಾಲ್ತಿಯಲ್ಲಿದೆ.

ಹೀಗೆ ಕಾಯಿಸುವುದರ ಅಪಾಯವನ್ನು ಅಮೆರಿಕದ ಸಾರಿಗೆ ಇಲಾಖೆಯ ತಪಾಸಣಾ ವಿಭಾಗವೇ 2018ರ ವರದಿಯಲ್ಲಿ ಹೇಳಿದೆ: ಗೋಡೌನುಗಳಲ್ಲಿ ಲಾರಿ ನಿಲ್ಲುವ ಸರಾಸರಿ ಸಮಯ 15 ನಿಮಿಷ ಹೆಚ್ಚಿದರೆ ಅಪಘಾತಗಳ ನಿರೀಕ್ಷಿತ ಪ್ರಮಾಣ ಶೇ. 6.2ರಷ್ಟು ಹೆಚ್ಚುತ್ತದೆ. ಕಳೆದುಹೋದ ಹೊತ್ತನ್ನು ರಸ್ತೆಯ ಮೇಲೆ ಹಿಡಿಯಲು ಹೋದಾಗ ಎದುರಾಗುವವರಲ್ಲಿ ನಮ್ಮ ನಿಮ್ಮ ಮಕ್ಕಳ ಕಾರೂ ಇರಬಹುದು. ಗೋಡೌನಿನವರ ಸೋಮಾರಿತನದ ಬೆಲೆಯನ್ನು ಡ್ರೈವರ ತಲೆಗೆ ಕಟ್ಟುವುದು ಅನ್ಯಾಯ. ಕಾಯಿಸಿದವರೇ ಕೊಡಬೇಕು, ಮೊದಲ ನಿಮಿಷದಿಂದಲೇ ಕೊಡಬೇಕು. ಹೆಚ್ಚುವರಿ ದುಡಿಮೆಯ ಕಾನೂನೂ ಅವರ ನೆರವಿಗಿಲ್ಲ. ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಿಸುವ 1938ರ ಕಾಯಿದೆಯಲ್ಲಿ ಅಂತರರಾಜ್ಯ ಲಾರಿ ಡ್ರೈವರುಗಳನ್ನು ಹೊರಗಿಡಲಾಗಿದೆ. ಅವರನ್ನು ಒಳಗೆ ತರುವ ಮಸೂದೆ 2022ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಬಂತು. ಆ ಅಧಿವೇಶನ ಮುಗಿಯುವವರೆಗೂ ಪಾಸಾಗಲಿಲ್ಲ.